ನಲವತ್ತು ನಿಮಿಷದ ಸಾಮ್ರಾಜ್ಯ

ನಮ್ಮ ಹೈಸ್ಕೂಲಿನ ಸ್ಮರಣ ಸಂಚಿಕೆಗೆ ಇತಿಹಾಸದ ಮೇಷ್ಟ್ರ ಬಗ್ಗೆ ಒಂದು ಪುಟ ಬರೆದುಕೊಡಿ ಎಂದವರು ಏನೇನು ಬೇಕೆಂದೂ ತಿಳಿಸಿದ್ದಾರೆ. ಹುಟ್ಟಿದ ಊರು, ಪದವಿ, ಪಡೆದ ಪ್ರಶಸ್ತಿ. ಊರು ಸಂಡೂರಿನ ಕಡೆ ಯಾವುದೋ ಹಳ್ಳಿ. ಪದವಿ ಇದ್ದೇ ಇರಬೇಕು, ಇಲ್ಲದಿದ್ದರೆ ಸರ್ಕಾರ ಸಂಬಳ ಕೊಡುತ್ತಿರಲಿಲ್ಲ. ಪ್ರಶಸ್ತಿ ಒಂದೂ ಬಂದಿಲ್ಲ, ನೋಟಿಸು ಎರಡು ಬಂದಿವೆ. ಅವರು ಕೇಳಿದ್ದು ಇಲ್ಲಿಗೆ ಮುಗಿಯಿತು. ಇನ್ನು ಮುಂದಿನದು ನನ್ನ ಸಮಾಧಾನಕ್ಕೆ ಬರೆದದ್ದು, ಸಂಚಿಕೆಯವರು ಬೇಕಾದರೆ ಹಾಕಿಕೊಳ್ಳಲಿ.

ಹೆಸರು ಬರೆಯುವುದಿಲ್ಲ. ಬರೆದರೆ ಆ ಮನುಷ್ಯ ಓದಿ ಫೋನ್ ಮಾಡುತ್ತಾರೆ. "ಮೇಡಂ, ಮೂರನೇ ಪ್ಯಾರಾದಾಗ ಒಂದು ತಪ್ಪೈತಿ" ಎಂದು ಶುರು ಮಾಡಿದರೆಂದರೆ ಒಲೆಯ ಮೇಲಿನ ಹಾಲು ಉಕ್ಕಿ, ಆರಿ, ಹೆಪ್ಪು ಹಾಕುವ ಹೊತ್ತಾಗುತ್ತದೆ. ಹೆಸರಿಲ್ಲದಿದ್ದರೆ ಇದು ಬೇರೆ ಯಾರದೋ ಕಥೆ ಎಂದುಕೊಂಡು ಸುಮ್ಮನಿರಬಹುದು. ಅವರಿಗೆ ತಮ್ಮ ಬಗ್ಗೆ ಬರೆದದ್ದನ್ನು ಗುರುತಿಸುವ ಜಾಣತನ ಕಡಿಮೆ.

ನಾನು ಗಣಿತದವಳು. ಹೊಸಪೇಟೆಯಿಂದ ಕಂಪ್ಲಿ ರಸ್ತೆಯ ನಮ್ಮ ಹಳ್ಳಿಯ ಹೈಸ್ಕೂಲಿಗೆ ಅವರೂ ನಾನೂ ವರ್ಷಗಟ್ಟಲೆ ಒಂದೇ ಬಸ್ಸಿನಲ್ಲಿ ಓಡಾಡಿದೆವು. ಗಿಡ್ಡ ಆಳು, ಅಗಲವಾದ ಹಣೆ, ಎರಡು ಬಣ್ಣದ ಅಂಗಿ. ಒಂದು ಬಿಳಿ, ಇನ್ನೊಂದು ಸಂಡೂರಿನ ಮಣ್ಣು ಹತ್ತಿ ಕೆಂಪಾದ ಬಿಳಿ. ಜೇಬಿನಲ್ಲಿ ಯಾವಾಗಲೂ ಕವಡೆ ಚೀಲ. ನಡೆದರೆ ಸಪ್ಪಳ, ಹಾಗಾಗಿ ಅವರು ಬರುವುದು ಮಕ್ಕಳಿಗೆ ಮೊದಲೇ ತಿಳಿಯುತ್ತಿತ್ತು. ನಮ್ಮದು ಏಕಾದಶಿಗೆ ನೀರನ್ನೂ ಯೋಚಿಸಿ ಕುಡಿಯುವ ವೈಷ್ಣವರ ಮನೆ. ಜೂಜಿನ ಕವಡೆ ಮುಟ್ಟಿ ಬಂದೆ ಎಂದರೆ ನಮ್ಮ ಅತ್ತೆ ಬಚ್ಚಲ ಕಡೆ ಕೈ ತೋರಿಸುವವರು. ಅಂಥ ಮನೆಯ ಸೊಸೆಯ ತೊಡೆಯ ಮೇಲೆ ಕವಡೆ ಚೀಲ ಇಟ್ಟು, "ಸ್ವಲ್ಪ ಹಿಡಕೊಂಡಿರ್ರಿ ಮೇಡಂ" ಎಂದು ಈ ಮನುಷ್ಯ ಬಸ್ಸಿನ ಕಂಬಿ ಹಿಡಿದು ನಿಲ್ಲುತ್ತಿದ್ದರು.

ಅವರಿಗೆ ಒಂದೇ ಒಂದು ಆಸೆ ಇತ್ತು. ತಾವು ಕೈಯಾರೆ ಮಾಡಿದ ವಿಜಯನಗರದ ಆಟವನ್ನು ಮಕ್ಕಳು ಒಮ್ಮೆಯಾದರೂ ಕೊನೆಯ ತನಕ ಆಡಿ ಮುಗಿಸಬೇಕು, ಅದನ್ನು ತಾವು ಕಣ್ಣಾರೆ ನೋಡಬೇಕು, ನೋಡಿ ರಿಟೈರ್ ಆಗಬೇಕು. ಮನೆ ಕಟ್ಟಬೇಕು, ಮಗಳಿಗೆ ಒಳ್ಳೆಯ ಕಡೆ ಸಂಬಂಧ ನೋಡಬೇಕು ಎಂದೆಲ್ಲ ಉಳಿದವರು ಮಾತಾಡುವಾಗ ಇವರು ಇದನ್ನು ಹೇಳುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಗುತ್ತಿದ್ದರು. ನಾನು ಜೋರಾಗಿ ನಗುತ್ತಿದ್ದೆ.

ಆಟದ ಹುಚ್ಚು ಹಿಡಿದದ್ದು ಹಂಪಿಯಲ್ಲಿ ಎಂದು ಅವರೇ ಹೇಳುತ್ತಿದ್ದರು. ನಮ್ಮ ಕಡೆಯ ಶಾಲೆಗಳಿಗೆ ಪ್ರವಾಸ ಎಂದರೆ ಬೇರೆಲ್ಲಿ? ವರ್ಷಾ ವರ್ಷ ಹಂಪಿ. ಮಕ್ಕಳು ರಥದ ಮುಂದೆ ಫೋಟೋ ತೆಗೆಸಿಕೊಂಡು, ಹಂಪಿ ಬಜಾರಿನಲ್ಲಿ ಐಸ್‌ಕ್ರೀಮ್ ತಿಂದು, ವಾಂತಿ ಮಾಡಿಕೊಂಡು ಮನೆಗೆ ಬರುವುದು ಪದ್ಧತಿ. ಇವರು ಮಾತ್ರ ಮಕ್ಕಳನ್ನು ಬಜಾರಿನ ಸಾಲುಮಂಟಪದ ಕಲ್ಲುಹಾಸಿನ ಮೇಲೆ ಬೋರಲು ಮಲಗಿಸುತ್ತಿದ್ದರು. ಅಲ್ಲಿ ಕಲ್ಲಿನಲ್ಲಿ ಗೆರೆ ಕೆತ್ತಿದ ಹುಲಿ-ಕುರಿ ಆಟದ ಮನೆಗಳಿವೆ. ನಾನು ಜೊತೆಗೆ ಹೋಗಿದ್ದ ಒಂದು ವರ್ಷ, ಪಕ್ಕದಲ್ಲೇ ಒಬ್ಬ ಗೈಡು ಪ್ರವಾಸಿಗಳಿಗೆ, ಜ್ಯೋತಿಷಿಗಳು ಇಲ್ಲಿ ಕೂತು ಅರಸರ ಕುಂಡಲಿ ಬರೆಯುತ್ತಿದ್ದರು ಎಂದು ಗಂಭೀರವಾಗಿ ಹೇಳುತ್ತಿದ್ದ.

ನಮ್ಮ ಮೇಷ್ಟ್ರು ಮಕ್ಕಳ ನಡುವೆ ಮಲಗಿದ್ದಲ್ಲಿಂದಲೇ ತಲೆ ಎತ್ತಿದರು. "ಎಲ್ಲಿ ಕುಂಡಲಿನಪ್ಪ? ಇದು ಹುಲಿ-ಕುರಿ ಮನಿ. ಕಾವಲುಗಾರರು ಡ್ಯೂಟಿ ಮ್ಯಾಲೆ ಇದ್ದಾಗ ಆಡ್ಯಾರ."

ಗೈಡಿಗೆ ಸಿಟ್ಟು ಬಂತು. "ಅರಸರ ಕಾಲದಾಗ ಡ್ಯೂಟಿ ಬಿಟ್ಟು ಆಡ್ತಿದ್ರೇನ್ರಿ? ಕೈ ಕಡೀತಿದ್ರು."

"ಕಡೀತಿದ್ದಿಲ್ಲ ಅಂತ ಈ ಕಲ್ಲೇ ಹೇಳ್ತೈತಲ್ಲ. ಇಷ್ಟು ಗೆರಿ ಕೆತ್ತಬೇಕಂದ್ರ ಎಷ್ಟು ಹೊತ್ತು ಬೇಕು? ಯಾವ ಸಾಹೇಬನೂ ಈ ಕಡೆ ಬಂದಿಲ್ಲ."

ಮಕ್ಕಳು ಬಿದ್ದು ಬಿದ್ದು ನಕ್ಕರು. ಅಷ್ಟರಲ್ಲಿ ಕಾವಲಿನವನು ಸೀಟಿ ಊದಿ ಎಲ್ಲರನ್ನೂ ಎಬ್ಬಿಸಿದ. ಬಸ್ಸಿನಲ್ಲಿ ಮೇಷ್ಟ್ರು ನನಗೆ ಪಾಠ ಮಾಡಿದರು. ಸಾಮ್ರಾಜ್ಯದಲ್ಲಿ ಎಲ್ಲರೂ ದುಡಿಯುತ್ತಿದ್ದರು, ಎಲ್ಲರೂ ಸುಭಿಕ್ಷ, ಮುತ್ತು ರತ್ನ ರಸ್ತೆಯ ಮೇಲೆ ಎಂದೆಲ್ಲ ಪುಸ್ತಕ ಹೇಳುತ್ತದೆ, ಆದರೆ ಬೇಸರ ಬಂದು ಆಕಳಿಸಿದವನ ಗುರುತು ಕಲ್ಲಿನಲ್ಲಿ ಮಾತ್ರ ಉಳಿದಿದೆ, ನನಗೆ ಆ ಮನುಷ್ಯ ಬೇಕು ಎಂದರು. ನನಗೆ ತಲೆನೋವು ಬಂದಿತ್ತು, ಕಿಟಕಿಗೆ ಒರಗಿ ಕಣ್ಣು ಮುಚ್ಚಿಕೊಂಡೆ.

ಹಾಗೆ ಹುಟ್ಟಿದ್ದು ವಿಜಯನಗರದ ಆಟ. ಅದರ ಹಾಸು ಫ್ಲೆಕ್ಸಿನದು. ನಮ್ಮ ಕಡೆ ನಾಯಕರ ಹುಟ್ಟುಹಬ್ಬಕ್ಕೆ ಬರವಿಲ್ಲ, ಹಬ್ಬ ಮುಗಿದ ಮೇಲೆ ಫ್ಲೆಕ್ಸು ಕೊಟ್ಟಿಗೆಗೆ ಹೋಗುತ್ತದೆ, ಇಲ್ಲವೆ ನಮ್ಮ ಮೇಷ್ಟ್ರ ಬಗಲಿಗೆ. ಅದರ ಬೆನ್ನಿನ ಬಿಳಿ ಭಾಗದ ಮೇಲೆ ಅವರು ಇಡೀ ರಾಜಧಾನಿಯನ್ನು ಪೇಂಟಿನಲ್ಲಿ ಬರೆದಿದ್ದರು. ಹೊಳೆ, ಕೋಟೆ, ಬಜಾರು, ಕಾಲುವೆ, ಗದ್ದೆ. ನಾಲ್ಕು ಮೂಲೆಗೆ ಸಂಡೂರಿನ ಅದಿರುಗಲ್ಲು ಇಟ್ಟರೆ ಸುರುಳಿ ಬಿಚ್ಚಿಕೊಂಡು ನಿಲ್ಲುತ್ತಿತ್ತು. ಒಂದು ಸಲ ಫ್ಲೆಕ್ಸಿನ ನಾಯಕರ ಕಡೆಯವನೊಬ್ಬ ಶಾಲೆಗೆ ಬಂದು, ನಮ್ಮ ಅಣ್ಣಾವ್ರ ಮುಖದ ಮೇಲೆ ಹುಡುಗರು ಕುಂತಾರ ಎಂದು ಗಲಾಟೆ ತೆಗೆದ. ಮೇಷ್ಟ್ರು ಅವನನ್ನು ಕರೆದು ಹಾಸು ತೋರಿಸಿ, "ಇಡೀ ಸಾಮ್ರಾಜ್ಯಾನ ಹೊತ್ಕೊಂಡು ಮಲಗ್ಯಾರಪ್ಪ ನಿಮ್ಮ ಅಣ್ಣಾವ್ರು" ಎಂದರು. ಅವನು ಖುಷಿಯಾಗಿ ಫೋಟೋ ತೆಗೆದುಕೊಂಡು ಹೋದ.

ಆಟ ಹೀಗೆ. ಒಂಬತ್ತನೇ ತರಗತಿಯನ್ನು ನಾಲ್ಕು ಗುಂಪು ಮಾಡುವುದು. ಒಂದು ಕುಂಬಾರರದು, ಒಂದು ಹೂ ಮಾರುವವರದು, ಒಂದು ಕಲ್ಲುಕುಟಿಗರದು, ಇನ್ನೊಂದು ನೀರುಗಂಟಿಗಳದು, ಅಂದರೆ ಕಾಲುವೆಯ ತೂಬು ತೆಗೆದು ಮುಚ್ಚಿ ಗದ್ದೆಗಳಿಗೆ ನೀರು ಹಂಚುವವರದು. ಸರದಿಯ ಪ್ರಕಾರ ಕವಡೆ ಹಾಕಿ ಕಾಯಿ ನಡೆಸುವುದು, ಹುಣಸೆಬೀಜ ಜೋಡಿಸಿ ಮನೆ ಕಟ್ಟುವುದು, ಸರಕು ಮಾರುವುದು. ಒಂದು ಸುತ್ತಿಗೆ ಹತ್ತು ವರ್ಷ. ಮಧ್ಯೆ ಮಧ್ಯೆ ಕಾರ್ಡು ಎತ್ತಬೇಕು. ಹರಿಹರನಿಂದ ಶುರುವಾಗಿ ರಕ್ಕಸತಂಗಡಿಯ ಯುದ್ಧದ ತನಕ ಬಂದು, ಆಮೇಲೆ ನಾಲ್ಕೂ ಗುಂಪು ಊರು ಬಿಟ್ಟರೆ ಆಟ ಮುಗಿಯಿತು.

"ರಾಜ ಯಾವ ಗುಂಪು ಸರ್?" ಪ್ರತಿ ವರ್ಷ ಯಾರಾದರೂ ಕೇಳಿಯೇ ಕೇಳುತ್ತಿದ್ದರು. ವಿಜಯನಗರ ಜಿಲ್ಲೆಯ ಮಕ್ಕಳು, ಎಲ್ಲರಿಗೂ ರಾಜನಾಗಬೇಕು.

"ರಾಜ ಕಾರ್ಡಿನಾಗ ಬರ್ತಾನ ಲೇ. ಬಂದು ತೆರಿಗಿ ಕೇಳ್ತಾನ, ಕೊಟ್ಟಮ್ಯಾಲೆ ಹೋಗ್ತಾನ. ನೀನು ಕುಂಬಾರ, ಮೊದಲು ಗಡಿಗಿ ಮಾಡು."

ಕಾರ್ಡು ಹಳೆಯ ಲಗ್ನಪತ್ರಿಕೆ ಕತ್ತರಿಸಿ ಮಾಡಿದ್ದು. ಬುಕ್ಕರಾಯನ ಬೆನ್ನಿನ ಮೇಲೆ ಯಾರದೋ ಆಗಮನಾಭಿಲಾಷಿಗಳ ಸಾಲು ಇತ್ತು.

ಈಗ ಕಷ್ಟಕ್ಕೆ ಬರುತ್ತೇನೆ. ನಮ್ಮ ಪೀರಿಯಡ್ಡು ನಲವತ್ತು ನಿಮಿಷದ್ದು. ಫ್ಲೆಕ್ಸು ಹಾಸಿ, ಕಾಯಿ ಹುಡುಕಿ, ಯಾರು ಮೊದಲು ಎಂಬ ಜಗಳ ಬಿಡಿಸುವಷ್ಟರಲ್ಲಿ ಅರ್ಧ ಹೋಗುತ್ತಿತ್ತು. ಉಳಿದ ಅರ್ಧದಲ್ಲಿ ಸಾಮ್ರಾಜ್ಯ ಸ್ಥಾಪನೆಯಾಗಿ, ಹರಿಹರ ಹೋಗಿ, ಬುಕ್ಕ ಬಂದು ನಾಲ್ಕು ಗಡಿಗೆ ಮಾರಾಟವಾಗುವ ಹೊತ್ತಿಗೆ ಬೆಲ್ಲು. ನಿಂತ ಜಾಗ ಗುರುತಿಟ್ಟುಕೊಂಡು ಮರುದಿನ ಮುಂದುವರಿಸಬಹುದಲ್ಲ ಎಂದು ನಿಮಗೆ ಅನ್ನಿಸುತ್ತದೆ. ನನಗೂ ಅನ್ನಿಸಿ ಹೇಳಿದೆ. ಆದರೆ ಈ ಮಹಾನುಭಾವರು ಮರುದಿನ ಬರುವಷ್ಟರಲ್ಲಿ ಒಂದು ಹೊಸ ನಿಯಮ ಮಾಡಿಕೊಂಡು ಬರುತ್ತಿದ್ದರು. ಹೊಸ ನಿಯಮಕ್ಕೆ ಹಳೆಯ ಜಾಗ ಹೊಂದುತ್ತಿರಲಿಲ್ಲ, ಮತ್ತೆ ಹರಿಹರನಿಂದ ಶುರು. ದಸರಾ ರಜೆ, ಬೇಸಿಗೆ ರಜೆ ಬಂದರೆ ಮುಗಿದೇಹೋಯಿತು, ನಿಯಮಗಳು ಮರಿ ಹಾಕುತ್ತಿದ್ದವು.

ಬಸ್ಸಿನಲ್ಲಿ ಇಬ್ಬರು ಸೀಟಿಗಾಗಿ ಕಿತ್ತಾಡಿದರೂ ಇವರ ಕೈ ಮೇಲೇಳುತ್ತಿತ್ತು. "ತಡೀರಿ, ಅದಕ್ಕೊಂದು ನಿಯಮ ಐತಿ." ಕಮಲಾಪುರದ ತನಕ ಒಬ್ಬ, ಅಲ್ಲಿಂದ ಇನ್ನೊಬ್ಬ, ಕಬ್ಬಿನ ಲಾರಿ ಅಡ್ಡ ನಿಂತು ತಡವಾದರೆ ಆ ಹೊತ್ತನ್ನು ಇಬ್ಬರಿಗೂ ಹಂಚುವುದು. ಜಗಳ ಆಡುತ್ತಿದ್ದವರು ಇದನ್ನು ಅರ್ಥ ಮಾಡಿಕೊಳ್ಳಲು ಹೋಗಿ ಜಗಳ ಮರೆಯುತ್ತಿದ್ದರು. ನಾನು ಇಳಿಯುವ ತನಕ ತಲೆ ತಗ್ಗಿಸಿಕೊಂಡು ಕೂತಿರುತ್ತಿದ್ದೆ.

ಪರಿಣಾಮ ಏನಾಯಿತೆಂದರೆ, ನಮ್ಮ ಶಾಲೆಯ ಮಕ್ಕಳು ಹರಿಹರ ಬುಕ್ಕರ ಬಗ್ಗೆ ಮನೆಯವರ ಬಗ್ಗೆ ಬರೆದಂತೆ ಬರೆಯುತ್ತಿದ್ದರು, ಕೃಷ್ಣದೇವರಾಯ ಎಂದರೆ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲ್ಲೇ ಎಂದು ಕೇಳುತ್ತಿದ್ದರು. ಹಂಪಿಯ ಬುಡದಲ್ಲಿದ್ದುಕೊಂಡು ಇದೆಂಥ ಗ್ರಹಚಾರ. ವಿಜಯನಗರದ ಪತನಕ್ಕೆ ಕಾರಣವೇನು ಎಂಬ ಪ್ರಶ್ನೆಗೆ ಒಬ್ಬ, ಬೆಲ್ ಹೊಡೆಯಿತು ಎಂದು ಬರೆದ. ಮೇಷ್ಟ್ರು ಅವನಿಗೆ ಅರ್ಧ ಅಂಕ ಕೊಟ್ಟರು. ಆ ಉತ್ತರಪತ್ರಿಕೆ ತಪಾಸಣೆಗೆ ಬಂದ ಸಾಹೇಬರ ಕೈಗೆ ಸಿಕ್ಕಿ ಮೊದಲ ನೋಟಿಸು ಬಂತು. ಎರಡನೆಯದು ಕವಡೆಯ ಸಪ್ಪಳ ರಸ್ತೆಗೆ ಕೇಳಿ, ಹೈಸ್ಕೂಲಿನಾಗ ಜೂಜು ನಡೀತೈತಿ ಎಂದು ಯಾರೋ ಅರ್ಜಿ ಹಾಕಿದ್ದಕ್ಕೆ. ಅದಕ್ಕೆ ಅವರು ಕೊಟ್ಟ ಉತ್ತರದಲ್ಲಿ ಆಟದ ನಿಯಮಗಳನ್ನೆಲ್ಲ ಲಗತ್ತಿಸಿದರು. ಓದಿ ಮುಗಿಸುವ ಶಕ್ತಿ ಕಚೇರಿಯಲ್ಲಿ ಯಾರಿಗೂ ಇರಲಿಲ್ಲವೆಂದು ಕಾಣುತ್ತದೆ, ಮತ್ತೆ ಸುದ್ದಿ ಇಲ್ಲ.

ಇದೆಲ್ಲ ನಗೆಯ ಮಾತಾಯಿತು. ಮಕ್ಕಳ ವಿಷಯವನ್ನೂ ಹೇಳಬೇಕು. ನನ್ನ ಗಣಿತದ ಪೀರಿಯಡ್ಡಿಗೆ ಜ್ವರ ಬರುವ ಹುಡುಗರು ಅವರ ಪೀರಿಯಡ್ಡಿಗೆ ಜ್ವರ ಇಟ್ಟುಕೊಂಡು ಬರುತ್ತಿದ್ದರು. ತೆರಿಗೆ ಏರಿದ ದಿನ ಹೂ ಮಾರುವ ಗುಂಪಿನವರು ಮಧ್ಯಾಹ್ನದ ಊಟದಲ್ಲೂ ಅದನ್ನೇ ಬೈಯುತ್ತಿದ್ದರು. ಗೋಡೆಯಾಚೆ ಕೂತು ವರ್ಗಮೂಲ ಬಿಡಿಸುತ್ತಿದ್ದ ನನಗೆ ಹೊಟ್ಟೆಯುರಿ ಆಗುತ್ತಿತ್ತು, ಸುಳ್ಳೇಕೆ ಹೇಳಲಿ.

ಕೊನೆಯ ವರ್ಷ ಬಂತು. ಜನವರಿಯ ಕೊನೆಯ ಶನಿವಾರ ಅವರ ಬೀಳ್ಕೊಡುಗೆ. ಹೆಡ್ಮಾಸ್ಟರು ಒಳ್ಳೆಯವರು, ಗಡಿಯಾರದ ಮನುಷ್ಯ. ಶಾಲು, ಹಣ್ಣಿನ ಬುಟ್ಟಿ, ಭಾಷಣ ಎಂದು ಪಟ್ಟಿ ಓದುತ್ತಿದ್ದರು. ಮೇಷ್ಟ್ರು ಕೈ ಎತ್ತಿದರು.

"ಭಾಷಣ ಬ್ಯಾಡ್ರಿ ಸರ್. ಅವತ್ತು ಬೆಳಗಿನಿಂದ ಊಟದ ತನಕ ಒಂಬತ್ತನೇ ಕ್ಲಾಸು ನನಗ ಕೊಡ್ರಿ. ಬೆಲ್ಲು ಹೊಡೀಬ್ಯಾಡ್ರಿ. ಆಟ ಮುಗಿಸಿ ಹೋಗ್ತೀನಿ."

ಹೆಡ್ಮಾಸ್ಟರು ಯೋಚಿಸಿದರು. "ಊಟಕ್ಕ ಮುಗೀತೈತೇನ್ರಿ? ಊರಾಗಿನ ಹಿರಿಯರು ಬರ್ತಾರ. ಗೋಧಿ ಹುಗ್ಗಿ ಮಾಡಿಸೀವಿ, ಆರಿದ್ರ ಚಲೋ ಇರಂಗಿಲ್ಲ."

"ಮುಗೀತೈತಿ. ಹೊಸ ನಿಯಮ ಒಂದೂ ಹಾಕಂಗಿಲ್ಲ. ಮೇಡಂ ಲೆಕ್ಕ ಹಾಕಿ ಹೇಳ್ತಾರ."

ನನ್ನನ್ನು ಕೇಳದೆಯೇ ನನ್ನ ತಲೆಗೆ ಕಟ್ಟಿದರು. ಆ ನಿಯಮಗಳ ಕಟ್ಟನ್ನು ಮನೆಗೆ ಒಯ್ದು, ಸಾರು ಕುದಿಯುವಾಗ ಅಡುಗೆಮನೆಯಲ್ಲೇ ನಿಂತು ಓದಿದೆ. ಎಷ್ಟು ಸುತ್ತು, ಎಷ್ಟು ಹೊತ್ತು ಎಂದು ಲೆಕ್ಕ ಹಾಕುತ್ತಾ ಹೋದವಳು ಆಟದ ಕೊನೆಯ ನಿಯಮಗಳಿಗೆ ಬಂದು ನಿಂತೆ. ಒಂದು ದಸರಾ ರಜೆಯಲ್ಲಿ ಅವರು ಬರೆದಿದ್ದರು: ಕಾಲುವೆಯಲ್ಲಿ ನೀರಿರುವ ತನಕ ನೀರುಗಂಟಿ ಊರು ಬಿಡುವಂತಿಲ್ಲ. ಇನ್ನೊಂದು ಬೇಸಿಗೆ ರಜೆಯಲ್ಲಿ ಬರೆದಿದ್ದರು: ಊರು ಬಿಟ್ಟವರು ನೀರಿದ್ದ ಕಡೆಗೆ ವಾಪಸು ಬರಬಹುದು. ಎಲ್ಲರೂ ಊರು ಬಿಟ್ಟರೆ ತಾನೆ ಆಟ ಮುಗಿಯುವುದು? ನೀರುಗಂಟಿ ಬಿಡುವುದಿಲ್ಲ, ಅವನಿರುವ ಕಡೆಗೆ ಉಳಿದವರು ಬರುತ್ತಲೇ ಇರುತ್ತಾರೆ. ಇದಕ್ಕೆ ಗಣಿತವೇನೂ ಬೇಕಿರಲಿಲ್ಲ, ಎರಡು ಕಾಗದವನ್ನು ಪಕ್ಕ ಪಕ್ಕ ಇಟ್ಟು ಓದಿದರೆ ಸಾಕಿತ್ತು. ಯುದ್ಧದ ತನಕ ಯಾರೂ ತಲುಪಿರದ ಕಾರಣ ಇಷ್ಟು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ.

ಮರುದಿನ ಬಸ್ಸಿನಲ್ಲಿ ಹೇಳಿಬಿಟ್ಟೆ. "ಸರ್, ನಿಮ್ಮ ಆಟ ಮುಗಿಯಂಗಿಲ್ಲ."

"ಊಟದ ತನಕ ಟೈಮ್ ಐತಲ್ರಿ."

"ಊಟ ಅಲ್ಲ, ಮುಂದಿನ ದಸರಾ ತನಕ ಆಡಿದ್ರೂ ಮುಗಿಯಂಗಿಲ್ಲ. ನೀವೇ ಬರೆದದ್ದು ಓದಿ ನೋಡ್ರಿ."

ಓದಿದರು. ತುಟಿ ಅಲ್ಲಾಡಿಸುತ್ತಾ ಎರಡು ಸಲ ಓದಿದರು. ಆಮೇಲೆ ಕಾಗದ ಮಡಚಿ ತೊಡೆಯ ಮೇಲೆ ಇಟ್ಟುಕೊಂಡು, "ಹೌದಲ್ರಿ" ಎಂದರು. ಅವರ ಮುಖ ನೋಡಿದೆ. ಅಷ್ಟು ವರ್ಷ ನಕ್ಕವಳಿಗೆ ಅವತ್ತು ನಗು ಬರಲಿಲ್ಲ.

"ಅದಕ್ಯಾಕಿಷ್ಟು ಬ್ಯಾಸರ? ಒಂದು ಸಾಲು ಸೇರಿಸ್ರಿ. ಶತ್ರುಗಳು ಬಂದು ಕಾಲುವಿ ಒಡೆದ್ರು ಅಂತ. ನೀರು ಹೋತು, ನೀರುಗಂಟಿ ಹೋದ, ಆಟ ಮುಗೀತು, ಹುಗ್ಗಿ ಉಣ್ಣಾಕ ಹೋಗಾಣ."

ಬಸ್ಸು ಆಗ ಅದೇ ಕಾಲುವೆಯ ಪಕ್ಕದಲ್ಲಿ ಹೋಗುತ್ತಿತ್ತು. ನಮ್ಮ ಶಾಲೆಯ ಊರಿಗೆ ನೀರುಣಿಸುವುದು ರಾಯರ ಕಾಲದ ಕಾಲುವೆ. ಎರಡೂ ಕಡೆ ಬಾಳೆತೋಟ, ಭತ್ತದ ಗದ್ದೆ. ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು.

"ಒಡೆದಿಲ್ಲಲ್ರಿ ಅದು," ಎಂದರು.

"ನಾ ಎಲ್ಲಿ ಒಡೆದೈತಿ ಅಂದೆ? ಆಟದಾಗ ಒಡೀರಿ."

"ಆಟದಾಗ ಸುಳ್ಳು ಆಡಿಸೋದಾದ್ರ, ಅದಕ್ಕಿಂತ ನೋಟ್ಸು ಬರೆಸೋದು ಚಲೋ."

ನನಗೆ ರೇಗಿತು. ಜೀವಮಾನದ ಆಸೆ ಒಂದು ಸಾಲಿಗೆ ಬಂದು ನಿಂತಿದೆ, ಆ ಸಾಲು ಬರೆಯಲು ಈ ಮನುಷ್ಯನ ಹಟ ಅಡ್ಡ. ನಿಮ್ಮ ಹಣೆಬರಹ ಎಂದು ಅಂದೇ ಬಿಟ್ಟೆ. ಆ ವಾರವೆಲ್ಲ ಬಸ್ಸಿನಲ್ಲಿ ಅವರು ಕವಡೆ ಚೀಲವನ್ನು ತಾವೇ ಹಿಡಿದುಕೊಂಡರು. ಶುಕ್ರವಾರ ಸಂಜೆ ಇಳಿಯುವಾಗ ಜೇಬಿನಿಂದ ಒಂದು ಚೀಟಿ ಅರ್ಧ ಹೊರಗೆಳೆದು ತೋರಿಸಿದರು. "ಬರೆದೀನ್ರಿ" ಎಂದರು. ಕದ್ದ ಮಾಲು ತೋರಿಸಿದ ಹಾಗಿತ್ತು.

ಶನಿವಾರ ಪ್ರಾರ್ಥನೆ ಮುಗಿದೊಡನೆ ಉದ್ದನೆಯ ವರಾಂಡದಲ್ಲಿ ಫ್ಲೆಕ್ಸು ಹಾಸಿದರು. ಬೆಲ್ಲಿನ ಕೋಲನ್ನು ಹೆಡ್ಮಾಸ್ಟರು ತಾವೇ ಬೀರುವಿನಲ್ಲಿಟ್ಟರು. ಮೇಷ್ಟ್ರಿಗೆ ಹೆಂಡತಿ ಇಸ್ತ್ರಿ ಮಾಡಿ ಕೊಟ್ಟ ಅಂಗಿ, ಒಂದು ಗಂಟೆಯೊಳಗೆ ಮೊಣಕಾಲೂರಿ ಕೂತು ಕೂತು ಅದರ ಕಥೆ ಮುಗಿಯಿತು. ನೀರುಗಂಟಿ ಗುಂಪಿಗೆ ಹುಲಿಗೆಮ್ಮ ಎಂಬ ಹುಡುಗಿ ಮುಂದಾಳು. ಎರಡು ಜಡೆ, ಗಟ್ಟಿ ಗಂಟಲು, ನನ್ನ ಗಣಿತದಲ್ಲಿ ಏಳು ಅಂಕದವಳು. ಅವರಪ್ಪನಿಗೆ ಕಾಲುವೆಯ ಕೆಳಗೆ ಸ್ವಲ್ಪ ಗದ್ದೆ ಇತ್ತು.

ಹರಿಹರ ಬಂದ, ಹೋದ. ಬುಕ್ಕ ಬಂದ, ಹೋದ. ಬುಕ್ಕನ ಕಾರ್ಡು ವರ್ಷಗಟ್ಟಲೆ ಕೈ ಹತ್ತಿ ಹರಿದು ಚಿಂದಿಯಾಗಿತ್ತು. ಅಲ್ಲಿಂದ ಮುಂದೆ ಕಾರ್ಡುಗಳು ಹೊಸದಾಗಿ ಹೊಳೆಯುತ್ತಿದ್ದವು, ಅವನ್ನು ಯಾರೂ ಎತ್ತಿರಲೇ ಇಲ್ಲ. ಹತ್ತೂವರೆಗೆ ಕೃಷ್ಣದೇವರಾಯ ಬಂದಾಗ ಮಕ್ಕಳು ಚಪ್ಪಾಳೆ ಹೊಡೆದರು. ಹೆಡ್ಮಾಸ್ಟರು ಕೂಡ ಆಫೀಸಿನಿಂದ ಎದ್ದು ಬಂದು ಕಾರ್ಡು ಕೈಗೆ ತೆಗೆದುಕೊಂಡು ನೋಡಿದರು. ರಾಯ ತೆರಿಗೆ ಜಾಸ್ತಿ ಕೇಳಿದ್ದಕ್ಕೆ ಕಲ್ಲುಕುಟಿಗರ ಗುಂಪು ಮುಖ ಊದಿಸಿಕೊಂಡಿತು.

ಯುದ್ಧ ಬಂತು. ಕಟ್ಟಿದ್ದನ್ನು ಒಂದೊಂದಾಗಿ ತೆಗೆದು ಬದಿಗಿಡಬೇಕು, ಅದು ನಿಯಮ. ಕುಂಬಾರರ ಗುಂಪಿನ ಹುಡುಗ ತನ್ನ ಹುಣಸೆಬೀಜದ ಮನೆಗಳನ್ನು ತೆಗೆಯುವಾಗ ಅಳುವಂತಾಗಿ ಬೇರೆ ಕಡೆ ನೋಡಿದ. ಕುಂಬಾರರು ಹೋದರು, ಹೂವಿನವರು ಹೋದರು, ಕಲ್ಲುಕುಟಿಗರು ಹೋದರು. ಹಾಸಿನ ಮೇಲೆ ಹು‌ಲಿಗೆಮ್ಮನ ಕಾಯಿ ಒಂದೇ ಉಳಿಯಿತು. ಅಡುಗೆಯವರು ಬಂದು ಹುಗ್ಗಿ ಇಳಿಸಿದೆವು ಎಂದು ಹೇಳಿಹೋದರು. ಊರಿನ ಹಿರಿಯರು ಕುರ್ಚಿಯಲ್ಲಿ ಕೂತು ಶಾಲು ಹೊದಿಸಲು ಕಾಯುತ್ತಿದ್ದರು.

ಮೇಷ್ಟ್ರು ಎದ್ದು ನಿಂತು ಚೀಟಿ ತೆಗೆದರು. ತರಗತಿಯಲ್ಲಿ ಇವರ ದನಿ ಕಂಪ್ಲಿಗೆ ಕೇಳುತ್ತದೆ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಅವತ್ತು ಮುಂದೆ ಕೂತವರಿಗೇ ಕೇಳಿಸಲಿಲ್ಲ. ಮತ್ತೊಮ್ಮೆ ಓದಿದರು. "ಶತ್ರುಗಳು ಕಾಲುವೆ ಒಡೆದರು. ನೀರುಗಂಟಿ ಊರು ಬಿಡಬೇಕು."

ಹುಲಿಗೆಮ್ಮ ಕಾಯಿಯ ಮೇಲಿಟ್ಟ ಬೆರಳು ತೆಗೆಯಲಿಲ್ಲ. "ಯಾವ ಕಾಲುವಿರಿ ಸರ್?"

"ಇದ ಕಾಲುವಿ. ನಮ್ಮೂರ ಕಾಲುವಿ."

"ಅದು ಒಡೆದಿಲ್ರಿ."

"ಆಗ ಒಡೆದಿತ್ತು ಅಂತ ತಿಳ್ಕೋ."

"ಯಾರು ಕಟ್ಟಿದ್ರು ಹಂಗಾದ್ರ ಮತ್ತ? ನೀವ ಹೇಳಿದ್ರಿ, ರಾಯರು ಕಟ್ಟಿದ್ದು, ಅವತ್ತಿಂದ ಹರಿಯಾಕ ಹತ್ತೈತಿ ಅಂತ. ಬೆಳಿಗ್ಗೆ ನಮ್ಮಪ್ಪ ತೂಬು ತೆಗೆದು ಬಂದಾನ್ರಿ."

ಹಿಂದಿನಿಂದ ಒಬ್ಬ, ನಾನು ಅದರಲ್ಲೇ ಈಜಿ ಬಂದಿದ್ದೇನೆ, ಕೂದಲು ಇನ್ನೂ ಒದ್ದೆ ಇದೆ ಎಂದ. ಊರು ಬಿಟ್ಟಿದ್ದ ಮೂರು ಗುಂಪುಗಳೂ ಈಗ ಹುಲಿಗೆಮ್ಮನ ಕಡೆ ಸೇರಿಕೊಂಡವು. ಹೆಡ್ಮಾಸ್ಟರು ಗಡಿಯಾರ ನೋಡಿದರು.

"ಏ ಹುಡುಗಿ, ಸರ್ ಹೇಳಿದಂಗ ಕೇಳು. ಕಾಯಿ ತಗಿ. ಸರ್ ಇವತ್ತು ರಿಟೈರ್ ಆಗ್ತಾರ."

"ತಗಿಯಂಗಿಲ್ರಿ ಸರ್. ಊರು ಬಿಟ್ಟು ಎಲ್ಲಿಗೆ ಹೋಗ್ಲಿ? ನಮ್ಮನಿ ಇಲ್ಲೇ ಐತಿ."

ಅವಳು ಎದುರುತ್ತರ ಕೊಟ್ಟದ್ದಲ್ಲ, ನಿಜವಾಗಿ ಕೇಳಿದ್ದು. ನಾನು ಮೇಷ್ಟ್ರನ್ನೇ ನೋಡುತ್ತಿದ್ದೆ. ಒಂದು ಮಾತು ಗದರಿದರೆ ಸಾಕು, ಮಕ್ಕಳು ಕಾಯಿ ತೆಗೆಯುತ್ತಾರೆ, ಇಷ್ಟು ವರ್ಷ ಕಾದದ್ದು ಮುಗಿಯುತ್ತದೆ. ಗದರಿ ಸರ್, ಗದರಿ ಎಂದು ನನ್ನ ಮನಸ್ಸು ಕೂಗುತ್ತಿತ್ತು. ಅವರು ಚೀಟಿಯನ್ನು ಇನ್ನೊಮ್ಮೆ ಓದಿಕೊಂಡರು. ಹಣೆಯ ಬೆವರು ಒರೆಸಿಕೊಂಡರು. ಆಮೇಲೆ ಹೆಡ್ಮಾಸ್ಟರ ಕಡೆ ತಿರುಗಿ, ಹಿರಿಯರಿಗೂ ಕೇಳುವಂತೆ, ತಮ್ಮ ಎಂದಿನ ಗಂಟಲಿನಲ್ಲಿ ಹೇಳಿದರು.

"ಹುಡುಗಿ ಹೇಳಿದ್ದು ಖರೆ ಐತ್ರಿ. ನಾ ಬರೆದದ್ದು ಸುಳ್ಳು. ಕಾಲುವಿ ಒಡೆದಿಲ್ಲ."

"ಹಂಗಾದ್ರ ಆಟ?"

"ಮುಗೀಲಿಲ್ಲ."

ಚೀಟಿ ಹರಿದು ಜೇಬಿಗೆ ಹಾಕಿಕೊಂಡು, ಹುಲಿಗೆಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು, "ನಿನ್ನ ಸರದಿ ಐತಿ, ಹಾಕವ್ವ" ಎಂದರು. ಅವಳು ಕವಡೆ ಹಾಕಿದಳು. ಕುಂಬಾರರು ವಾಪಸು ಬಂದರು, ಆಮೇಲೆ ಹೂವಿನವರು. ಹುಗ್ಗಿ ಪೂರ್ತಿ ಆರುವ ತನಕ ಮಕ್ಕಳು ಮನೆ ಕಟ್ಟಿದರು. ಶಾಲು ಹೊದಿಸಿದ್ದು ಕೂತಲ್ಲಿಯೇ. ಹೂವಿನ ಹಾರ ಹಾಸಿನ ಮೇಲೆ ಜೋತು ಕಾಯಿಗಳನ್ನು ಅಲ್ಲಾಡಿಸುತ್ತಿದ್ದುದರಿಂದ ಅದನ್ನು ತೆಗೆದು ನನ್ನ ಕೈಗೆ ಕೊಟ್ಟರು.

ಸಂಜೆಯ ಬಸ್ಸಿನಲ್ಲಿ ಹಣ್ಣಿನ ಬುಟ್ಟಿ ನನ್ನ ತೊಡೆಯ ಮೇಲಿತ್ತು. ಫ್ಲೆಕ್ಸು ಮಕ್ಕಳು ಬಿಟ್ಟುಕೊಡಲಿಲ್ಲ. ಕಮಲಾಪುರ ದಾಟಿದ ಮೇಲೆ ಅವರು ಕಿಟಕಿಯ ಕಡೆ ಮುಖ ಮಾಡಿಯೇ, "ನೋಡಬೇಕಂತ ಭಾಳ ಆಸೆ ಇತ್ರಿ ಮೇಡಂ" ಎಂದರು. ಅಳುತ್ತಿದ್ದರು. ಇಂಥ ಹೊತ್ತಿನಲ್ಲಿ ನೋಡದ ಹಾಗೆ ಕೂರುವ ಮರ್ಯಾದೆ ನನಗೆ ಬರುವುದಿಲ್ಲ. ಕರವಸ್ತ್ರ ಕೊಟ್ಟೆ. ನನ್ನ ಕಣ್ಣೂ ತುಂಬಿತ್ತು, ನನ್ನದನ್ನು ಸೆರಗಿನಲ್ಲಿ ಒರೆಸಿಕೊಂಡೆ. ಈ ಮನುಷ್ಯನನ್ನು ಇಷ್ಟು ವರ್ಷ ಇಷ್ಟೊಂದು ಬೈದೆನಲ್ಲ, ನಾಳೆಯಿಂದ ಯಾರನ್ನು ಬೈಯಲಿ ಎಂದುಕೊಂಡೆ.

"ಮುಗಿದಿದ್ರ ಏನ್ ಮಾಡ್ತಿದ್ರಿ ಈಗ?" ಎಂದು ಕೇಳಿದೆ.

"ಮನಿಗೆ ಹೋಗಿ ಮಲಗ್ತಿದ್ದೆ."

"ಮುಗೀಲಿಲ್ಲಲ್ಲ?"

ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದರು. ಕಣ್ಣು ಕೆಂಪಗಿತ್ತು, ಮುಖ ಮಾತ್ರ ಯಾವುದೋ ಹಟ ಹಿಡಿದ ಮಗುವಿನದಾಗಿತ್ತು. "ಊರು ಬಿಟ್ಟಾವ್ರು ಏನು ಮಾಡಬೇಕಂತ ಎಲ್ಲಾ ಬರೆದೀನ್ರಿ. ಬಿಡಲಾರದ ಕುಂತಾವ್ರಿಗೆ ಏನೂ ಬರೆದೇ ಇಲ್ಲ. ಆ ಹುಡುಗಿ ಗೆದ್ದಳೇನು, ಸೋತಳೇನು, ಗೊತ್ತಾಗಬೇಕಲ್ಲ?"

"ಗೊತ್ತಾಗಬೇಕು," ಎಂದೆ.

"ಪೆನ್ನೈತೇನ್ರಿ ಮೇಡಂ?"

ಕೊಟ್ಟೆ. ಇನ್ನೂ ವಾಪಸು ಬಂದಿಲ್ಲ.